ಸಹಾಯ ಬೇಕು: ಹುತಾತ್ಮ ಪೊಲೀಸರ ಸ್ಮರಣೆಯ ಸೈಕಲ್ ಯಾತ್ರೆಗೆ

ನ್ಯೂಜೆರ್ಸಿಯ ಕನ್ನಡ ಬಂಧುಗಳಿಗೆ ನಮಸ್ಕಾರ.

ಇಲ್ಲಿನ ಊರೊಂದರಲ್ಲಿ ಪೊಲೀಸ್ ಅಧಿಕಾರಿಯಾಗಿರುವ ನಮ್ಮ ಮಗಳು ಬರುವ ಮೇ ತಿಂಗಳಲ್ಲಿ ‘ಪೊಲೀಸ್ ಯೂನಿಟಿ ಟೂರ್’ ಸೈಕಲ್ ಯಾತ್ರೆಯಲ್ಲಿ ಮೊದಲ ಬಾರಿಗೆ ಪಾಲ್ಗೊಳ್ಳುತ್ತಿದ್ದಾಳೆ. 1997ರಲ್ಲಿ ನಮ್ಮ ರಾಜ್ಯದ ಫ್ಲೋರಂ ಪಾರ್ಕ್ ಎಂಬ ಊರಿನಿಂದ 18 ಸವಾರರು ಹೊರಟು, ನಾಲ್ಕು ದಿನ ತುಳಿದು ವಾಷಿಂಗ್ಟನ್ ತಲುಪಿ 18,000 ಡಾಲರ್ ಕೂಡಿಸಿದ್ದರಿಂದ ಆರಂಭವಾದ ಈ ಯಾತ್ರೆ, ಕರ್ತವ್ಯದಲ್ಲಿ ಪ್ರಾಣ ತೆತ್ತ ಅಧಿಕಾರಿಗಳ ಹೆಸರುಗಳನ್ನು ಕೆತ್ತಿರುವ ರಾಷ್ಟ್ರೀಯ ಸ್ಮಾರಕದ ಬಳಿ ಪ್ರತಿ ವರ್ಷ ಕೊನೆಗೊಳ್ಳುತ್ತದೆ. ಸವಾರರು ಮಡಿದ ಅಧಿಕಾರಿಯೊಬ್ಬರ ಹೆಸರಿರುವ ಕೈಪಟ್ಟಿಯನ್ನು ಧರಿಸಿ ಸೈಕಲ್ ತುಳಿಯುತ್ತಾರೆ. ಆ ಪಟ್ಟಿಯನ್ನು ಅವರ ಮನೆಯವರ ಕೈಗೆ ಒಪ್ಪಿಸುವ ಕ್ಷಣವನ್ನು ನೆನೆದರೇ ನನ್ನ ಕಣ್ಣು ತುಂಬುತ್ತದೆ.

ನಮಗೆ ಬೇಕಾಗಿರುವುದು ಮುಖ್ಯವಾಗಿ ಮಾರ್ಗದರ್ಶನ. ನಲವತ್ತು ಮೈಲಿ ದಾಟಿದ ಮೇಲೆ, ಅದರಲ್ಲೂ ಏರುದಾರಿಯಲ್ಲಿ, ಅವಳ ಬಲ ಮಂಡಿಯ ಮುಂಭಾಗ ನೋಯತೊಡಗುತ್ತದೆ. ಸೀಟು ತಗ್ಗಾಗಿದ್ದರೆ ಹೀಗಾಗುತ್ತದೆಂದು ಕೇಳಿ ತುಸು ಎತ್ತರಿಸಿದ್ದೇವೆ, ಆದರೂ ಪೂರ್ತಿ ಗುಣವಾಗಿಲ್ಲ. ಸೈಕಲ್ಲನ್ನು ಸವಾರರ ಮೈಯಳತೆಗೆ ಹೊಂದಿಸುವುದರಲ್ಲಿ ಅನುಭವವುಳ್ಳವರು ಒಮ್ಮೆ ನೋಡಿ ತಿಳಿಸಬೇಕೆಂದು ಕೋರುತ್ತೇನೆ. ದಿನಕ್ಕೆ ಎಂಬತ್ತು ಮೈಲಿಯಷ್ಟು ತುಳಿದು ರೂಢಿಯಿರುವವರು ಭಾನುವಾರಗಳಂದು ಅವಳ ಜೊತೆಗೆ ಬಂದರೆ ಇನ್ನೂ ಉಪಕಾರ. ಗುಂಪಿನಲ್ಲಿ ಒತ್ತಾಗಿ ಸಾಗುವ ಅಭ್ಯಾಸ ಅವಳಿಗಿಲ್ಲ, ತಾಯಿಯಾಗಿ ನನಗಿರುವ ಭಯವೂ ಅದೇ.

ಪ್ರತಿ ಸವಾರರೂ ನಿಗದಿತ ದೇಣಿಗೆಯನ್ನು ಸಂಗ್ರಹಿಸಬೇಕು. ಕೊಡಲು ಮನಸ್ಸುಳ್ಳವರು ದಯವಿಟ್ಟು ನನಗೆ ನೇರವಾಗಿ ಸಂದೇಶ ಕಳುಹಿಸಿ. ಹಣ ಯಾತ್ರೆಯ ಅಧಿಕೃತ ಖಾತೆಗೇ ಸಲ್ಲುವಂತೆ ವಿವರ ಕೊಡುತ್ತೇನೆ.