ಮನೆಯಿಂದ ಒಂದು ರೂಪಾಯಿಯೂ ಬರುವುದಿಲ್ಲ, ಪುಣೆಯಲ್ಲಿ ಎಂಸಿಎ ಮಾಡಬಹುದಾ?

ಭೀಮಾದಂಡೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಅಕ್ಕಲಕೋಟ ತಾಲ್ಲೂಕಿನವಳು. ಸೋಲಾಪುರದಲ್ಲಿ ಬಿಎಸ್ಸಿ ಮುಗಿಸಿ ಈಗ ಪುಣೆಯಲ್ಲಿ ಡೇಟಾ ಎಂಟ್ರಿ ಕೆಲಸ ಮಾಡುತ್ತಿದ್ದೇನೆ. ಕೈಗೆ 14 ಸಾವಿರ ಬರುತ್ತದೆ. ಎಂಸಿಎ ಸಿಇಟಿ ಬರೆದಿದ್ದೇನೆ, ಸ್ಕೋರ್ ಪರವಾಗಿಲ್ಲ. ಆದರೆ ಅಪ್ಪ, "ಡಿಗ್ರಿ ಓದಿಸಿದ್ದೇನೆ, ಇನ್ನು ನನ್ನ ಕೈಯಲ್ಲಿ ಆಗಲ್ಲ" ಎಂದುಬಿಟ್ಟಿದ್ದಾರೆ. ನಾಲ್ಕು ಎಕರೆ ಒಣ ಬೇಸಾಯ, ತಮ್ಮ ಇನ್ನೂ ಹನ್ನೊಂದನೇ ಕ್ಲಾಸು. ಅವರ ಮೇಲೆ ಸಿಟ್ಟಿಲ್ಲ. ಫೀಸು, ರೂಮು, ಊಟ ಎಲ್ಲ ಸೇರಿ ಎರಡು ವರ್ಷಕ್ಕೆ ನಾಲ್ಕು ಲಕ್ಷವಾದರೂ ಬೇಕು. ಒಬ್ಬ ಏಜೆಂಟ್ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿ ಲೋನೂ ಮಾಡಿಸುತ್ತೇನೆ, ಈಗ 25 ಸಾವಿರ ಕಟ್ಟಿ ಅನ್ನುತ್ತಿದ್ದಾನೆ. ಕಟ್ಟಲಾ? ಇಷ್ಟು ಸಾಲ ಮಾಡುವುದು ಸರಿಯಾ?

ಕಾತ್ರಜ್ ಅಕ್ಕ:
ತಂಗಿ, ಆ 25 ಸಾವಿರ ಕೊಡಬೇಡ. ದುಡ್ಡು ಹೋಗುತ್ತದೆ ಅಂತ ಮಾತ್ರ ಅಲ್ಲ, ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಂಡರೆ ನಿನಗೆ ಸಿಗಬೇಕಾದ ಸರ್ಕಾರಿ ಸಹಾಯವೂ ಕೈತಪ್ಪುತ್ತದೆ. ಸಿಇಟಿ ಸೆಲ್‌ನ ಕ್ಯಾಪ್ ರೌಂಡಿನಲ್ಲೇ, ಅಂದರೆ ಸರ್ಕಾರವೇ ಮೆರಿಟ್ ಮೇಲೆ ಸೀಟು ಹಂಚುವ ಸುತ್ತಿನಲ್ಲೇ, ಸೀಟು ತೆಗೆದುಕೋ. 2024ರಿಂದ ಮಹಾರಾಷ್ಟ್ರ ಸರ್ಕಾರ ಒಬಿಸಿ, ಎಸ್‌ಇಬಿಸಿ (ಮರಾಠಾ ಮೀಸಲಾತಿ ವರ್ಗ), ಇಡಬ್ಲ್ಯೂಎಸ್ (ಓಪನ್ ವರ್ಗದ ಬಡವರು) ಹುಡುಗಿಯರಿಗೆ ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಪ್ರೊಫೆಷನಲ್ ಕೋರ್ಸುಗಳ ಟ್ಯೂಷನ್ ಫೀ, ಪರೀಕ್ಷಾ ಫೀ ಪೂರ್ತಿ ಮಾಫಿ ಮಾಡಿದೆ. ಮೊದಲು ಅರ್ಧ ಮಾತ್ರ ಇತ್ತು. ಖಾಸಗಿ ಯೂನಿವರ್ಸಿಟಿ, ಡೀಮ್ಡ್ ಯೂನಿವರ್ಸಿಟಿಗಳಿಗೆ ಇದು ಇಲ್ಲ, ಹಾಗಾಗಿ ಆಪ್ಷನ್ ಫಾರ್ಮ್ ತುಂಬುವಾಗ ಕಾಲೇಜು ಯಾವ ಬಗೆಯದು ಅಂತ ನೋಡಿ ತುಂಬು. ನಿಮ್ಮ ಜಾತಿ ಒಬಿಸಿ ಪಟ್ಟಿಯಲ್ಲಿದ್ದರೆ ನಾನ್‌ಕ್ರೀಮಿಲೇಯರ್ ಸರ್ಟಿಫಿಕೇಟು (ಕೆನೆಪದರದವರಲ್ಲ ಅನ್ನುವುದಕ್ಕೆ) ಬೇಕು, ಓಪನ್ ಆದರೆ ಇಡಬ್ಲ್ಯೂಎಸ್ ಸರ್ಟಿಫಿಕೇಟು. ಡೊಮಿಸೈಲ್ (ಮಹಾರಾಷ್ಟ್ರದ ನಿವಾಸಿ ಅನ್ನುವ ಸರ್ಟಿಫಿಕೇಟು) ಮತ್ತು ತಹಶೀಲ್ದಾರರ ಆದಾಯ ಸರ್ಟಿಫಿಕೇಟು ಕೂಡ ಇಟ್ಟುಕೋ. ಅರ್ಜಿ ಹಾಕುವುದು ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ಪೋರ್ಟಲಿನಲ್ಲಿ.

ನಮ್ಮ ಕಡೆಯ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಇದೆಲ್ಲ ನಮಗಲ್ಲ ಅಂದುಕೊಂಡು ಸುಮ್ಮನಿರುತ್ತಾರೆ. ನನಗೆ ತುಂಬ ಬೇಜಾರಾಗುವುದು ಇದಕ್ಕೇ. ಅಕ್ಕಲಕೋಟ, ಜತ್ತ ಎಲ್ಲ ಮಹಾರಾಷ್ಟ್ರವೇ, ಇದು ನಿನ್ನ ಹಕ್ಕು.

ಇರುವುದಕ್ಕೆ ವಿದ್ಯಾರ್ಥಿ ಸಹಾಯಕ ಸಮಿತಿಯ ಹಾಸ್ಟೆಲ್ ವಿಚಾರಿಸು. ಹಳ್ಳಿಯಿಂದ ಬಂದ, ದುಡ್ಡಿನ ಅನುಕೂಲ ಇಲ್ಲದ ಮಕ್ಕಳಿಗೇ ಇರುವ ಸಂಸ್ಥೆ, ಹುಡುಗಿಯರಿಗೆ ಬೇರೆ ಹಾಸ್ಟೆಲ್ ಇದೆ. ಪುಣೆ ಯೂನಿವರ್ಸಿಟಿ ಕೆಳಗಿನ ಕಾಲೇಜುಗಳಲ್ಲಿ "ಕಮವಾ ವ ಶಿಕಾ" (ದುಡಿಯುತ್ತಾ ಕಲಿ) ಯೋಜನೆಯೂ ಇದೆ. ಲೈಬ್ರರಿಯಲ್ಲೋ ಆಫೀಸಿನಲ್ಲೋ ದಿನಕ್ಕೆ ಕೆಲವು ಗಂಟೆ ಕೆಲಸ, ಗಂಟೆಯ ಲೆಕ್ಕದಲ್ಲಿ ದುಡ್ಡು. ಜಾಸ್ತಿ ಬರುವುದಿಲ್ಲ, ಮೆಸ್ ಖರ್ಚಿಗೆ ಆಸರೆ ಆಗುತ್ತದೆ.

ಡೊಂಬಿವಲಿ ಮಾಮ:
ನಾನು ಬ್ಯಾಂಕಿನಲ್ಲಿದ್ದವನು, ಸಾಲದ ಬಗ್ಗೆ ಹೇಳುತ್ತೇನೆ. ಮೊದಲ ಪ್ರಶ್ನೆ, ಅಪ್ಪ ದುಡ್ಡು ಕೊಡದಿದ್ದರೂ ಸಹಿ ಹಾಕುತ್ತಾರಾ? ಎಜುಕೇಷನ್ ಲೋನಿಗೆ ಬ್ಯಾಂಕು ಸಾಮಾನ್ಯವಾಗಿ ತಂದೆಯನ್ನೋ ತಾಯಿಯನ್ನೋ ಜೊತೆ ಸಾಲಗಾರರಾಗಿ ಸೇರಿಸಿಕೊಳ್ಳುತ್ತದೆ. ಹಳ್ಳಿಯಲ್ಲಿ ಎಲ್ಲರಿಗೂ ಇರುವ ಹೆದರಿಕೆ ಹೊಲ ಹೋಗುತ್ತದೆ ಅನ್ನುವುದು. 4 ಲಕ್ಷದವರೆಗಿನ ಎಜುಕೇಷನ್ ಲೋನಿಗೆ ಬ್ಯಾಂಕು ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಇದನ್ನು ಅಪ್ಪನ ಎದುರು ಕೂತು ಹೇಳು. ಜೊತೆಗೆ ಇನ್ನೊಂದು ಮಾತನ್ನೂ ಮುಚ್ಚಿಡಬೇಡ. ನೀನು ಕಂತು ತಪ್ಪಿಸಿದರೆ ಅವರ ಸಿಬಿಲ್ (ಸಾಲ ತೀರಿಸುವ ದಾಖಲೆಯ ಅಂಕ) ಕೂಡ ಕೆಡುತ್ತದೆ, ಆಮೇಲೆ ಬೆಳೆ ಸಾಲಕ್ಕೆ ತೊಂದರೆ.

ಈಗ ಲೆಕ್ಕ. 10 ಪರ್ಸೆಂಟ್ ಬಡ್ಡಿಗೆ 4 ಲಕ್ಷ ಪೂರ್ತಿ ಮೊದಲ ದಿನವೇ ತೆಗೆದುಕೊಂಡೆ ಅಂತಿಟ್ಟುಕೋ. ಕೋರ್ಸು ಎರಡು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಸರಳ ಬಡ್ಡಿಯೇ ಮೂರು ವರ್ಷಕ್ಕೆ 1 ಲಕ್ಷ 20 ಸಾವಿರ. ಅದನ್ನು ಅಸಲಿಗೆ ಸೇರಿಸಿ ಏಳು ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 8,630. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಸುಮಾರು 6,640. ಹೊಸ ಕೆಲಸದ ಸಂಬಳದಲ್ಲಿ ಆ ಎರಡು ಸಾವಿರ ದೊಡ್ಡದೇ. ಹಾಗಾಗಿ ಫೀಸು ಮಾಫಿಯಾದರೆ ನಾಲ್ಕು ಲಕ್ಷ ಯಾಕೆ ತೆಗೆದುಕೊಳ್ಳಬೇಕು? ಒಂದೂವರೆ ಲಕ್ಷದಲ್ಲಿ ಮುಗಿಯಬಹುದು. ಮೊಬೈಲಿನಲ್ಲಿ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಕಡೆ ತಲೆ ಹಾಕಬೇಡ ಮಗಳೇ.

ಹಿಂಜವಡಿ ಹುಡುಗ:
ನನ್ನ ಪ್ರಕಾರ ಒಂದು ವರ್ಷ ಕೆಲಸ ಮಾಡಿ ದುಡ್ಡು ಕೂಡಿಸಿ ಆಮೇಲೆ ಸೇರಿ.

ಕಾತ್ರಜ್ ಅಕ್ಕ:
14 ಸಾವಿರದಲ್ಲಿ ಪುಣೆಯಲ್ಲಿ ಬದುಕಿ ಎಷ್ಟು ಕೂಡಿಸುತ್ತಾಳೆ ತಮ್ಮಾ? ಅಷ್ಟರೊಳಗೆ ಮನೆಯಲ್ಲಿ ಗಂಡು ನೋಡಲು ಶುರು ಮಾಡಿರುತ್ತಾರೆ. ಹುಡುಗರಿಗೆ ಒಂದು ವರ್ಷ ತಡವಾದರೆ ತಡ ಅಷ್ಟೇ, ಹುಡುಗಿಯರಿಗೆ ಎಷ್ಟೋ ಸಲ ಓದೇ ನಿಂತುಹೋಗುತ್ತದೆ. ಸೀಟು ಸಿಕ್ಕರೆ ಈ ವರ್ಷವೇ ಸೇರಲಿ.

ಭೀಮಾದಂಡೆ ಹುಡುಗಿ:
ತುಂಬ ಥ್ಯಾಂಕ್ಸ್ ಅಕ್ಕ, ಮಾಮ. ಏಜೆಂಟಿಗೆ ಬೇಡ ಅಂದೆ. ಒಂದು ಡೌಟು. ಅಪ್ಪ ಓದಿಸುತ್ತಿಲ್ಲ, ಹಾಗಾದರೆ ಆದಾಯ ನನ್ನದು ಮಾತ್ರ ತೋರಿಸಬಹುದಾ?

ಡೊಂಬಿವಲಿ ಮಾಮ:
ಇಲ್ಲ, ಅವರು ಓದಿಸಲಿ ಬಿಡಲಿ, ಕುಟುಂಬದ ಆದಾಯವನ್ನೇ ನೋಡುತ್ತಾರೆ. ನಿಮ್ಮದು 8 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ, ಚಿಂತೆ ಬೇಡ. ಮಾಫಿ ಆದರೂ ಡೆವಲಪ್‌ಮೆಂಟ್ ಫೀ, ಡೆಪಾಸಿಟ್ ಅಂತ ಕಾಲೇಜು ಬೇರೆ ದುಡ್ಡು ಕೇಳುತ್ತದೆ. ಫೀಸಿನ ವಿವರ ಬರಹದಲ್ಲಿ ತೆಗೆದುಕೊಂಡು, ಸಾಲದ ಅರ್ಜಿಯಲ್ಲಿ ಅಷ್ಟೇ ಹಾಕು. ಮಹಾಡಿಬಿಟಿಯಿಂದ ಭತ್ಯೆ ಸಿಕ್ಕರೂ ತಡವಾಗಿ ಬರುತ್ತದೆ. ಅದನ್ನು ನಂಬಿ ರೂಮಿನ ಬಾಡಿಗೆ ಒಪ್ಪಿಕೊಳ್ಳಬೇಡ, ಈಗಿನ ಸಂಬಳದಲ್ಲಿ ಮೂರು ತಿಂಗಳ ಖರ್ಚು ಎತ್ತಿಟ್ಟುಕೋ. ಊರಿಗೆ ಹೋದಾಗ ಅಮ್ಮನ ಆಧಾರ್, ಪ್ಯಾನ್ ಕೂಡ ತಗೊಂಡು ಬಾ. ಅಪ್ಪ ಒಪ್ಪದಿದ್ದರೆ ಅಮ್ಮನೂ ಸಹಿ ಹಾಕಬಹುದು.