ಮನೆ ವರ್ಕ್‌ಶಾಪಿಗೆ ಕಡಿಮೆ ಬೆಲೆಯ ಪೌಡರ್ ಕೋಟಿಂಗ್ ಗನ್: ಬಳಸಿದವರು ಹೇಳಿ

ಕೇಳಿದವರು, ತೀರ್ಥಹಳ್ಳಿ ಕಡೆಯಿಂದ

ಮನೆ ಪಕ್ಕದ ಶೆಡ್ಡಿನಲ್ಲಿ ಚಿಕ್ಕ ವರ್ಕ್‌ಶಾಪ್ ಇದೆ. ವೆಲ್ಡಿಂಗ್, ಅಡಿಕೆ ಸುಲಿಯುವ ಮಷೀನ್ ರಿಪೇರಿ, ಆಗಾಗ ಹಳೆ ಬೈಕಿನ ಕೆಲಸ. ಸ್ಪ್ರೇ ಪೇಂಟ್ ಹೊಡೆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಚುಗಳಲ್ಲಿ ತುಕ್ಕು ಏಳುತ್ತದೆ. ಪೌಡರ್ ಕೋಟಿಂಗ್, ಅಂದರೆ ಒಣ ಬಣ್ಣದ ಪುಡಿಗೆ ಕರೆಂಟಿನ ಚಾರ್ಜ್ ಕೊಟ್ಟು ಲೋಹಕ್ಕೆ ಅಂಟಿಸಿ ಓವನ್ನಿನಲ್ಲಿ ಬೇಯಿಸುವುದು, ಅದಕ್ಕೆ ಅಂತ ಶಿವಮೊಗ್ಗಕ್ಕೆ ಕೊಟ್ಟರೆ ಸಣ್ಣ ಸಾಮಾನು ಅಂತ ಅದೇ ಬಣ್ಣದ ಬೇರೆ ಕೆಲಸ ಬರುವವರೆಗೆ ಕಾಯಿಸುತ್ತಾರೆ. ನಾನೇ ಶುರು ಮಾಡೋಣ ಅಂತಿದ್ದೇನೆ.

ನನ್ನ ಮುಂದೆ ಮೂರು ದಾರಿ ಇವೆ. ಒಂದು, ಅಮೆರಿಕದಲ್ಲಿರುವ ನೆಂಟರ ಕೈಲಿ ಈಸ್ಟ್‌ವುಡ್ ಹಾಟ್‌ಕೋಟ್ ಥರದ ಚಿಕ್ಕ ಗನ್ ತರಿಸುವುದು. ಎರಡು, ಆನ್‌ಲೈನಿನಲ್ಲಿ ಸಿಗುವ ಚೈನಾದ ಕಪ್ ಗನ್ (ಪೌಡರ್ ಗನ್ನಿಗೇ ಕೂರಿಸಿದ ಚಿಕ್ಕ ಕಪ್ಪಿನಲ್ಲಿರುತ್ತದೆ). ಮೂರು, ಹಾಪರ್, ಅಂದರೆ ಪೌಡರ್ ತುಂಬುವ ದೊಡ್ಡ ಡಬ್ಬಿ, ಇರುವ 100 ಕೆವಿ (ಕಿಲೋವೋಲ್ಟ್) ಸೆಕೆಂಡ್ ಹ್ಯಾಂಡ್ ಮಷೀನ್. ಗನ್ನಿಗೆ 40 ಸಾವಿರದವರೆಗೆ ಹಾಕಬಹುದು. ಸಿಂಗಲ್ ಫೇಸ್ ಕರೆಂಟ್, 1 ಎಚ್‌ಪಿ ಕಂಪ್ರೆಸರ್ ಇದೆ. ಯಾವುದು ತಗೊಳ್ಳಲಿ?

ಭದ್ರಾವತಿಯಿಂದ, ಕೋಟಿಂಗ್ ಯೂನಿಟ್ಟಿನಲ್ಲಿ ಕೆಲಸ ಮಾಡಿದವರು

ಸಾರ್, ಬೆಲೆ ನೋಡುವ ಮುಂಚೆ ಒಂದು ಪ್ರಶ್ನೆ ಕೇಳಿ: ಕೆವಿ ಏರಿಸಿ ಇಳಿಸಲು ಆಗುತ್ತದಾ? ನನ್ನ ಪ್ರಕಾರ ದುಡ್ಡು ಕೊಡಬೇಕಾದದ್ದು ಅದಕ್ಕೇ.

ನೀವು ಹೇಳಿದ ಮೂರೂ ಕೊರೋನಾ ಗನ್‌ಗಳು. ತುದಿಯಲ್ಲಿರುವ ಸೂಜಿಯಂಥ ಎಲೆಕ್ಟ್ರೋಡ್ ಪೌಡರಿಗೆ ಚಾರ್ಜ್ ಕೊಡುತ್ತದೆ, ಅರ್ತ್ ಆದ ಸಾಮಾನು ಅದನ್ನು ಎಳೆದುಕೊಳ್ಳುತ್ತದೆ. ಬಯಲಾಗಿರುವ ಪ್ಲೇಟಿಗೆ ಜಾಸ್ತಿ ಕೆವಿ ಒಳ್ಳೆಯದು. ಆದರೆ ಅಡಿಕೆ ಮಷೀನಿನ ಫ್ರೇಮ್ ಅಂದರೆ ಬರೀ ಆ್ಯಂಗಲ್, ಮೂಲೆ, ಸಂದಿ. ಅಲ್ಲಿ ಪೌಡರ್ ಅಂಚಿಗೇ ಅಂಟುತ್ತದೆ, ಒಳಮೂಲೆ ಬೋಳಾಗಿ ಉಳಿಯುತ್ತದೆ. ಇದನ್ನು ಫ್ಯಾರಡೆ ಕೇಜ್ ಎಫೆಕ್ಟ್ ಅನ್ನುತ್ತಾರೆ. ಆಗ ಕೆವಿ 40-50ಕ್ಕೆ ಇಳಿಸಿ, ಗಾಳಿಯನ್ನೂ ಕಡಿಮೆ ಮಾಡಿ, ಮೂಲೆಗಳನ್ನು ಮೊದಲು ಹೊಡೆದುಕೊಳ್ಳಬೇಕು. ಆಮೇಲೆ ಏರಿಸಿ ಉಳಿದದ್ದು. ಎರಡನೇ ಕೋಟ್ ಹೊಡೆಯುವಾಗಲೂ ಕೆವಿ ಇಳಿಸಲೇಬೇಕು. ಇಲ್ಲದಿದ್ದರೆ ಮೊದಲ ಪದರ ಚಾರ್ಜನ್ನು ಹಿಡಿದಿಟ್ಟುಕೊಂಡು ಹೊಸ ಪೌಡರನ್ನು ತಳ್ಳುತ್ತದೆ, ಮೇಲ್ಮೈ ಸಣ್ಣ ಸಣ್ಣ ಗುಳಿ ಬಿದ್ದ ಹಾಗಾಗುತ್ತದೆ.

ಇನ್ನು ಹಾಪರ್ ಬೇಕಾ ಕಪ್ ಬೇಕಾ? ಹಾಪರಿನಲ್ಲಿ ಕೆಳಗಿನಿಂದ ಗಾಳಿ ಬಿಟ್ಟು ಪೌಡರನ್ನು ಕುದಿಯುವ ಹಾಗೆ ಎಬ್ಬಿಸಬೇಕು. ಅದಕ್ಕೆ ಹಾಪರಿನಲ್ಲಿ ಕೆಜಿಗಟ್ಟಲೆ ಪೌಡರ್ ಇರಬೇಕು. ಇವತ್ತು ಕಪ್ಪು, ನಾಳೆ ಹಸಿರು ಅನ್ನುವವರಿಗೆ ಬಣ್ಣ ಬದಲಿಸುವಾಗ ಹಾಪರ್, ಪೈಪು, ಗನ್ ಎಲ್ಲ ಊದಿ ತೊಳೆಯುವುದೇ ದೊಡ್ಡ ಕೆಲಸ. ನಿಮ್ಮ 1 ಎಚ್‌ಪಿ ಕಂಪ್ರೆಸರ್ ಅದಕ್ಕೆ ಬಿಡುವಿಲ್ಲದೆ ಓಡುತ್ತದೆ. ಕಪ್ ಗನ್ನಿಗೆ ಒಂದು ಲೋಟ ಪೌಡರ್ ಸಾಕು.

ಕಂಟ್ರೋಲ್ ಬಾಕ್ಸ್ ಇರುವ, 0ಯಿಂದ 100 ಕೆವಿ ಹೊಂದಿಸಬಹುದಾದ ಕಪ್ ಗನ್ ನಿಮಗೆ ಸರಿ. ಅದರ ಬಿಡಿಭಾಗ ಇಲ್ಲಿ ಸಿಗುತ್ತಾ ಅಂತ ಮೊದಲು ಕೇಳಿಕೊಳ್ಳಿ. ಎಲೆಕ್ಟ್ರೋಡ್, ನಾಜಲ್, ಪೌಡರ್ ಎಳೆಯುವ ವೆಂಚುರಿಯ ಒಳಕೊಳವೆ, ಇವು ಸವೆಯುವ ಸಾಮಾನು.

ಸಾಗರದಿಂದ, ಹಳೆ ಬೈಕ್ ಕೆಲಸ ಮಾಡುವವರು

ಹಾಟ್‌ಕೋಟ್ ನನ್ನ ಹತ್ತಿರ ಇದೆ, ಅದರ ಪರವಾಗಿ ಎರಡು ಮಾತು ಹೇಳುತ್ತೇನೆ. ನನ್ನದು 15 ಮತ್ತು 25 ಕೆವಿ, ಎರಡೇ ಹಂತದ್ದು. ಗಾಳಿಯ ಒತ್ತಡ 5-8 ಪಿಎಸ್ಐ ಸಾಕು, ಚಿಕ್ಕ ಕಂಪ್ರೆಸರಿಗೂ ಭಾರವಲ್ಲ. ಪ್ರತಿ ಬಣ್ಣಕ್ಕೂ ಒಂದೊಂದು ಪ್ಲಾಸ್ಟಿಕ್ ಕಪ್ ಇಟ್ಟುಕೊಂಡರೆ ಬಣ್ಣ ಬದಲಿಸುವುದು ಕ್ಷಣದ ಕೆಲಸ. ಬ್ರೇಕ್ ಪೆಡಲ್, ಹ್ಯಾಂಡಲ್ ಕ್ಲ್ಯಾಂಪ್, ಫುಟ್‌ರೆಸ್ಟ್ ಇಂಥವು ನೋಡಿದರೆ ಕಂಪನಿಯಿಂದ ಬಂದ ಹಾಗೇ ಕಾಣುತ್ತವೆ.

ಆದರೆ ಪೂರ್ತಿ ಚಾಸಿಸ್ ಹೊಡೆಯಲು ಅದು ತಾಳ್ಮೆ ಕೆಡಿಸುತ್ತದೆ. ಕೆವಿ ಕಡಿಮೆ ಅಂದಮೇಲೆ ಪೌಡರ್ ಪೈಪನ್ನು ಸುತ್ತಿಕೊಂಡು ಹಿಂದಕ್ಕೆ ಹೋಗುವುದೂ ಕಡಿಮೆ, ನೆಲಕ್ಕೆ ಬೀಳುವುದು ಜಾಸ್ತಿ. ಅಮೆರಿಕದ್ದು 120 ವೋಲ್ಟ್, ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟೇ ಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಕೆಟ್ಟರೆ ಬಿಡಿಭಾಗ ಮತ್ತೆ ಅಲ್ಲಿಂದಲೇ ಬರಬೇಕು. ಬರೀ ಬೈಕಿನ ಸಣ್ಣ ಭಾಗ ಅಂದಿದ್ದರೆ ತರಿಸಿ ಅನ್ನುತ್ತಿದ್ದೆ. ಅಡಿಕೆ ಮಷೀನ್ ಫ್ರೇಮಿಗೆ ಭದ್ರಾವತಿಯವರು ಹೇಳಿದ್ದೇ ಸರಿ.

ಹೊಸನಗರದಿಂದ

ಗನ್ ಯಾವುದೇ ಆಗಲಿ, ನಮ್ಮ ಕಡೆ ಜೂನ್ ಬಂತೆಂದರೆ ಕೆಲಸ ಕೆಡಿಸುವುದು ತೇವ. ಇದನ್ನು ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅದರಲ್ಲಿರುವ ತೇವ ನೀರಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ತುಂಬಿಸಿ ಮಧ್ಯಾಹ್ನ ಡ್ರೈನ್ ತಿರುಗಿಸಿದರೆ ಎಷ್ಟು ನೀರು ಬರುತ್ತದೆ ಅಂತ ನೀವೇ ನೋಡಿ. ಆ ಗಾಳಿ ಗನ್ನಿಗೆ ಹೋದರೆ ಪೌಡರ್ ಉಂಡೆ ಕಟ್ಟುತ್ತದೆ, ನಾಜಲ್ ಬಿಟ್ಟು ಬಿಟ್ಟು ಉಗುಳುತ್ತದೆ, ಚಾರ್ಜ್ ಸರಿಯಾಗಿ ನಿಲ್ಲುವುದಿಲ್ಲ. ಆಗ ಎಲ್ಲರೂ ಬೈಯುವುದು ಗನ್ನನ್ನು.

ನಾನು ಮಾಡಿಕೊಂಡದ್ದು ಹೀಗೆ. ಕಂಪ್ರೆಸರಿನಿಂದ ನೇರ ಗನ್ನಿಗೆ ಪೈಪ್ ಕೊಟ್ಟಿಲ್ಲ. ಮಧ್ಯೆ ಗೋಡೆಯ ಮೇಲೆ ಮೇಲಕ್ಕೂ ಕೆಳಕ್ಕೂ ಹೋಗುವ ಹಾಗೆ ಉದ್ದ ತಾಮ್ರದ ಪೈಪ್ ಓಡಿಸಿದ್ದೇನೆ. ಗಾಳಿ ತಣ್ಣಗಾಗುತ್ತಾ ನೀರನ್ನು ಕೆಳಗಿನ ಬಾಗುಗಳಲ್ಲಿ ಬಿಡುತ್ತದೆ. ಅಲ್ಲೆಲ್ಲ ಡ್ರೈನ್ ವಾಲ್ವ್ ಇವೆ. ಆಮೇಲೆ ವಾಟರ್ ಸೆಪರೇಟರ್, ಕೊನೆಗೆ ಗನ್ನಿನ ಹತ್ತಿರ ಸಿಲಿಕಾ ಜೆಲ್ ತುಂಬಿದ ಫಿಲ್ಟರ್. ಜೆಲ್ ಬಣ್ಣ ಬದಲಾದರೆ ಹಳೆ ಓವನ್ನಿನಲ್ಲಿ ಒಣಗಿಸಿ ಮತ್ತೆ ಹಾಕುತ್ತೇನೆ. ಇದಕ್ಕೆ ಆಗುವ ಖರ್ಚನ್ನು ಗನ್ನಿನ ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ ಅಂತ ಕೈಮುಗಿದು ಹೇಳುತ್ತೇನೆ.

ಪೌಡರನ್ನು ರಾತ್ರಿ ಕಪ್ಪಿನಲ್ಲಿ ಬಿಡಬೇಡಿ. ಗಾಳಿಯಾಡದ ಡಬ್ಬಿಗೆ ಹಾಕಿ ಮುಚ್ಚಿಡಿ. ನಮ್ಮಲ್ಲಿ ಮಳೆಗಾಲದಲ್ಲಿ ತೇವ ಆಗಬಾರದ್ದನ್ನೆಲ್ಲ ಬಚ್ಚಲು ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದು ರೂಢಿ ಅಲ್ವಾ? ಪೌಡರನ್ನು ಅಲ್ಲಿ ಇಡಲೇಬೇಡಿ. ಬಿಸಿಗೆ ಅದು ಡಬ್ಬಿಯಲ್ಲೇ ಹೆಪ್ಪುಗಟ್ಟುತ್ತದೆ. ತಂಪಾದ, ಒಣ ಜಾಗ ಬೇಕು. ಬಳಸುವ ಮುಂಚೆ ಒಮ್ಮೆ ಜರಡಿ ಹಿಡಿಯಿರಿ.

ಇನ್ನೊಂದು, ತುಕ್ಕು ತೆಗೆದ ಬರೀ ಕಬ್ಬಿಣ ಮಳೆಗಾಲದಲ್ಲಿ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ಬ್ಲಾಸ್ಟ್ ಮಾಡಿದರೆ (ಗಾಳಿಯಲ್ಲಿ ಮರಳಿನಂಥ ಪುಡಿ ಹೊಡೆದು ತುಕ್ಕು ತೆಗೆದರೆ) ಅವತ್ತೇ, ಥಿನ್ನರಿನಲ್ಲಿ ಒರೆಸಿ, ಅವತ್ತೇ ಕೋಟ್ ಮಾಡಿ. ಬರಿಗೈಯಲ್ಲಿ ಮುಟ್ಟಬೇಡಿ.

ಶಿವಮೊಗ್ಗದಿಂದ, ಎಲೆಕ್ಟ್ರಿಕಲ್ ಕೆಲಸದವರು

ಅರ್ತ್ ಬಗ್ಗೆ ಒಂದು ಮಾತು. ಪೌಡರ್ ಅಂಟುವುದೇ ಅರ್ತಿನಿಂದ. ಸಾಮಾನಿನಿಂದ ನೆಲಕ್ಕೆ ತಡೆ 1 ಮೆಗಾ ಓಮ್ ದಾಟಬಾರದು ಅನ್ನುವುದು ಈ ಕೆಲಸದ ನಿಯಮ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ತ್ ಚೆನ್ನಾಗಿ ಕೊಡುವುದಿಲ್ಲ. ಇದ್ದಿಲು, ಉಪ್ಪು ಹಾಕಿ ಬೇರೆ ಅರ್ತ್ ಗುಂಡಿ ಮಾಡಿಸಿ, ಬೇಸಿಗೆಯಲ್ಲಿ ನೀರು ಹುಯ್ಯಿರಿ. ಸಾಮಾನು ತೂಗುಹಾಕುವ ಕೊಕ್ಕೆಗಳ ಮೇಲೆ ಹಳೆ ಕೋಟಿಂಗ್ ಗಟ್ಟಿಯಾಗಿ ಕೂತಿದ್ದರೆ ಕರೆಂಟ್ ಹರಿಯುವುದಿಲ್ಲ. ಪ್ರತಿ ಸಲ ಕೆರೆದು ಹೊಳೆಯುವ ಲೋಹ ಕಾಣಬೇಕು.

ಓವನ್ ಬಗ್ಗೆ ಯೋಚಿಸಿದ್ದೀರಾ? ಸಾಮಾನ್ಯ ಪೌಡರಿಗೆ 180ರಿಂದ 200 ಡಿಗ್ರಿಯಲ್ಲಿ 10-15 ನಿಮಿಷ ಬೇಕು. ಪೌಡರ್ ಡಬ್ಬಿಯ ಮೇಲೆ ಬರೆದಿರುತ್ತದೆ. ಆದರೆ ಅದು ಲೋಹದ ಬಿಸಿ, ಓವನ್ ಗಾಳಿಯ ಬಿಸಿ ಅಲ್ಲ. ದಪ್ಪ ಆ್ಯಂಗಲ್ ಅಷ್ಟು ಬಿಸಿಯಾಗಲು ತುಂಬಾ ಹೊತ್ತು ಬೇಕು, ಆಮೇಲಿಂದ ನಿಮಿಷ ಎಣಿಸಬೇಕು. ರಾಕ್ ವುಲ್ (ಬಿಸಿ ತಡೆಯುವ ಕಲ್ಲಿನ ನಾರು) ತುಂಬಿದ ಡಬಲ್ ಶೀಟಿನ ಪೆಟ್ಟಿಗೆ, ಹೀಟರ್ ಕಾಯಿಲ್, ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಪಿಐಡಿ ಕಂಟ್ರೋಲರ್, ಬಿಸಿ ಅಳೆಯುವ ಥರ್ಮೋಕಪಲ್ ಇದ್ದರೆ ನೀವೇ ಮಾಡಿಕೊಳ್ಳಬಹುದು. 4 ಕಿಲೋವ್ಯಾಟ್ ಹೀಟರ್ ಅಂದರೆ 17 ಆಂಪಿಯರ್ ದಾಟುತ್ತದೆ. 16 ಆಂಪಿಯರ್ ಸಾಕೆಟ್ಟಿಗೆ ಹಾಕಬೇಡಿ. ಬೇರೆ ಎಂಸಿಬಿ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿ. ಮೀಟರಿನ ಮಂಜೂರಾದ ಲೋಡ್ ಎಷ್ಟಿದೆ ನೋಡಿಕೊಳ್ಳಿ.

ಮಧ್ಯೆ ಕರೆಂಟ್ ಹೋದರೆ ಗಾಬರಿ ಬೇಡ. ಬಾಗಿಲು ತೆಗೆಯದೆ ಬಿಡಿ. ಬಂದ ಮೇಲೆ ಮತ್ತೆ ಪೂರ್ತಿ ಬಿಸಿಗೆ ತಂದು ಹೊಸದಾಗಿ ನಿಮಿಷ ಎಣಿಸಿ. ಅಸಿಟೋನಿನಲ್ಲಿ ಹತ್ತಿ ಅದ್ದಿ ಕಾಣದ ಜಾಗದಲ್ಲಿ ಉಜ್ಜಿದರೆ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆ. ಬಣ್ಣ ಹತ್ತಿಗೆ ಧಾರಾಳವಾಗಿ ಬಂದರೆ ಇನ್ನೂ ಬೆಂದಿಲ್ಲ.

ಗ್ಯಾಸ್ ಒಲೆಯ ಮೇಲೆ ಡ್ರಮ್ ಇಟ್ಟು ಓವನ್ ಮಾಡುವವರನ್ನು ನೋಡಿದ್ದೇನೆ, ಬೇಡವೇ ಬೇಡ. ಗಾಳಿಯಲ್ಲಿ ಹಾರುವ ಪೌಡರಿಗೆ ಬೆಂಕಿ ತಗುಲಿದರೆ ಸ್ಫೋಟವಾಗುತ್ತದೆ. ಪೌಡರ್ ಹೊಡೆಯುವ ಜಾಗದಲ್ಲಿ ಬೆಂಕಿ, ವೆಲ್ಡಿಂಗ್, ಗ್ರೈಂಡಿಂಗ್ ಯಾವುದೂ ಇರಬಾರದು. ಅಡುಗೆಯ ಓವನ್ನನ್ನೂ ಇದಕ್ಕೆ ಬಳಸಬೇಡಿ. ಮಾಸ್ಕ್ ಕಡ್ಡಾಯ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು.

ಕೊಪ್ಪದಿಂದ

ಪೌಡರ್ ಕೊಳ್ಳುವಾಗ ಬಿಸಿಲು-ಮಳೆಗೆ ಇಡುವುದಕ್ಕೆ ಪಾಲಿಯೆಸ್ಟರ್ ಅಂತಲೇ ಕೇಳಿ. ಎಪಾಕ್ಸಿ ತುಕ್ಕಿಗೆ ಗಟ್ಟಿ, ಆದರೆ ಬಿಸಿಲಿಗೆ ಬೆಳ್ಳಗಾಗಿ ಪುಡಿ ಉದುರುತ್ತದೆ. ಅದು ಒಳಗಿನ ಸಾಮಾನಿಗೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಂಟ್ರೋಲ್ ಬಾಕ್ಸ್ ಇರುವ ಕಪ್ ಗನ್ ಅಂತ ತೀರ್ಮಾನಿಸಿದೆ. ಮಾಚೇನಹಳ್ಳಿ ಕಡೆ ಅಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ಇದೆ ಅಂತ ಗೊತ್ತಾಯಿತು. ಹೋಗಿ ಏನೇನು ನೋಡಬೇಕು? ಟ್ರೈಬೋ ಗನ್ ಅಂತಲೂ ಒಬ್ಬರು ಹೇಳಿದರು, ಅದು ಹೇಗೆ?

ಭದ್ರಾವತಿಯಿಂದ

ಟ್ರೈಬೋದಲ್ಲಿ ಹೈ ವೋಲ್ಟೇಜ್ ಇಲ್ಲ. ಪೌಡರ್ ಟೆಫ್ಲಾನ್ ಕೊಳವೆಗೆ ಉಜ್ಜಿಕೊಂಡೇ ಚಾರ್ಜ್ ಆಗುತ್ತದೆ. ಮೂಲೆಗಳಿಗೆ ತುಂಬಾ ಚೆನ್ನಾಗಿ ಹೋಗುತ್ತದೆ. ಆದರೆ ಅದಕ್ಕೆ ಹೊಂದುವ ಪೌಡರೇ ಬೇಕು, ಗಾಳಿ ಜಾಸ್ತಿ ಬೇಕು, ತೇವ ಇದ್ದರೆ ಇನ್ನೂ ಕಷ್ಟ. ನಿಮ್ಮ ಕಂಪ್ರೆಸರಿಗೂ ನಿಮ್ಮ ಊರಿಗೂ ಸದ್ಯ ಬೇಡ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಒಂದು ಅಡಿ ಪೈಪ್ ತುಂಡು, ಸ್ವಲ್ಪ ಪೌಡರ್ ತಗೊಂಡು ಹೋಗಿ. ಪೈಪನ್ನು ಅರ್ತಿಗೆ ಕಟ್ಟಿ ತೂಗುಹಾಕಿ. ಮೊದಲು ಕೆವಿ ಸೊನ್ನೆಯಲ್ಲಿಟ್ಟು ಮುಂದಿನಿಂದ ಮಾತ್ರ ಹೊಡೆಯಿರಿ. ಒರೆಸಿ, ಕೆವಿ ಏರಿಸಿ ಮತ್ತೆ ಮುಂದಿನಿಂದಲೇ ಹೊಡೆಯಿರಿ. ಎರಡನೇ ಸಲ ಪೌಡರ್ ಸುತ್ತಿಕೊಂಡು ಪೈಪಿನ ಹಿಂಭಾಗಕ್ಕೂ ಅಂಟಬೇಕು. ಅಂಟದಿದ್ದರೆ ಗನ್ನಿನೊಳಗೆ ಹೈ ವೋಲ್ಟೇಜ್ ಹುಟ್ಟಿಸುವ ಭಾಗ, ಅಂದರೆ ಕ್ಯಾಸ್ಕೇಡ್, ಸತ್ತಿರಬಹುದು. ಇಡೀ ಗನ್ನಿನಲ್ಲಿ ದುಬಾರಿ ಭಾಗ ಅದೇ. ಬಾಕ್ಸಿನಲ್ಲಿ ಮೈಕ್ರೋ ಆಂಪಿಯರ್ ತೋರಿಸುವ ಮೀಟರ್ ಇದ್ದರೆ, ಗನ್ನನ್ನು ಪೈಪಿನ ಹತ್ತಿರ ತಂದ ಹಾಗೆ ಅಂಕಿ ಏರಬೇಕು. ಸುಮ್ನೆ ಲೈಟ್ ಉರಿಯುತ್ತಿದೆ, ಡಿಸ್‌ಪ್ಲೇ 80 ತೋರಿಸುತ್ತಿದೆ ಅಂತ ದುಡ್ಡು ಕೊಟ್ಟು ಬರಬೇಡಿ. ಕ್ಯಾಸ್ಕೇಡ್ ಹೊಸದು ಎಲ್ಲಿ ಸಿಗುತ್ತದೆ, ಎಷ್ಟು ಅಂತ ಅವರ ಎದುರೇ ಫೋನ್ ಮಾಡಿ ವಿಚಾರಿಸಿ, ಆಮೇಲೆ ರೇಟ್ ಮಾತಾಡಿ.