ಗಂಟಲು, ಕಿವಿ, ಎದೆ ಮೂರೂ ಕಡೆ ನೋವು: ಆಸಿಡಿಟಿಯೇ ಕಾರಣವೇ?

ಪ್ರಶ್ನೆ (ಕಲಬುರಗಿಯಿಂದ)
ಕೆಲವು ತಿಂಗಳಿಂದ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತಿದ್ದು, ಎಷ್ಟು ಕ್ಯಾಕರಿಸಿದರೂ ಹೋಗುವುದಿಲ್ಲ. ಬಲಗಿವಿಯೊಳಗೆ ಆಗಾಗ ಚುಚ್ಚುತ್ತದೆ. ಕಿವಿ ನೋಡಿದ ವೈದ್ಯರು ಪರದೆ ಚೆನ್ನಾಗಿಯೇ ಇದೆ ಎಂದರು. ಅಂಗಡಿ ಮುಚ್ಚಿ ಮನೆ ಸೇರುವಾಗ ರಾತ್ರಿ ಹತ್ತು ದಾಟಿರುತ್ತದೆ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಂಡು ಮಲಗಿದರೆ ಎದೆಯ ನಡುವೆ ನೋವು ಶುರುವಾಗುತ್ತದೆ. ಹುಳಿತೇಗು ಮಾತ್ರ ಅಪರೂಪ. ಊಟವಾದ ಮೇಲೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಗುಳಿಗೆ ನುಂಗುತ್ತಿದ್ದರೂ ಗುಣ ಕಾಣಲಿಲ್ಲ. ಮೂರಕ್ಕೂ ಆಸಿಡಿಟಿಯೊಂದೇ ಮೂಲವಾಗಿರಬಹುದೇ?

ಉತ್ತರ (ಬೀದರ್)
ಮಿಕ್ಕ ಮಾತು ಆಮೇಲೆ, ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳಿ. ಜಯದೇವ ಆಸ್ಪತ್ರೆ ನಿಮ್ಮೂರಿನಲ್ಲೇ ಇದೆ. ನಮ್ಮ ಭಾಗದಲ್ಲಿ ‘ಗ್ಯಾಸ್ ಆಗ್ಯಾದ’ ಎಂದು ಸೋಡಾ ಕುಡಿದು ಕೂರುವವರೇ ಹೆಚ್ಚು, ಆದರೆ ಹೃದಯದ ನೋವೂ ಗಂಟಲು ದವಡೆಗಳವರೆಗೆ ಹರಡಬಲ್ಲದು. ಮೆಟ್ಟಿಲು ಹತ್ತುವಾಗ ನೋವು ಹೆಚ್ಚಾದರೆ, ಬೆವರು ಅಥವಾ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬಾರದು.

ಉತ್ತರ (ಯಾದಗಿರಿ)
ಹೃದಯ ಸರಿಯಿದೆ ಎಂದಾದರೆ ನಿಮ್ಮ ಊಹೆಗೆ ಆಧಾರವಿದೆ. ಗಂಟಲಿಗೂ ಕಿವಿಗೂ 9 ಮತ್ತು 10ನೆಯ ಕಪಾಲ ನರಗಳ (ಮೆದುಳಿನಿಂದ ನೇರವಾಗಿ ಹೊರಡುವ ನರಗಳು) ಶಾಖೆಗಳು ಹೋಗುವುದರಿಂದ, ಗಂಟಲಿನ ಕೆರಳಿಕೆ ಎಷ್ಟೋ ಸಲ ಕಿವಿನೋವಾಗಿ ಕಾಣಿಸಿಕೊಳ್ಳುತ್ತದೆ. ಹೊಟ್ಟೆಯಿಂದ ಮೇಲೇರುವ ಆಮ್ಲವನ್ನು ಅನ್ನನಾಳ ಒಂದಿಷ್ಟು ತಡೆದುಕೊಂಡೀತು, ಧ್ವನಿಪೆಟ್ಟಿಗೆಯ ಒಳಪದರ ತಡೆದುಕೊಳ್ಳದು. ಆಮ್ಲದ ಜೊತೆ ಮೇಲೇರುವ ಪೆಪ್ಸಿನ್ (ಹೊಟ್ಟೆಯಲ್ಲಿ ಆಹಾರ ಜೀರ್ಣಿಸುವ ಕಿಣ್ವ) ಕೂಡ ಅದನ್ನು ಕೆಡಿಸುತ್ತದೆ. ಆದ್ದರಿಂದಲೇ ಹುಳಿತೇಗು ಇಲ್ಲದೆಯೂ ಈ ತೊಂದರೆ ಇರಬಹುದು. ಗುಳಿಗೆಯನ್ನು ಊಟಕ್ಕೆ 30ರಿಂದ 60 ನಿಮಿಷ ಮೊದಲು ತೆಗೆದುಕೊಂಡರೇ ಅದರ ಪೂರ್ಣ ಫಲ. ಗಂಟಲು ಸುಧಾರಿಸಲು ಎರಡು ಮೂರು ತಿಂಗಳೂ ಹಿಡಿಯಬಹುದು. ರೊಟ್ಟಿಯನ್ನು ಬಯ್ಯಬೇಡಿ, ತಪ್ಪು ಉಣ್ಣುವ ಹೊತ್ತಿನದು ಮತ್ತು ಎಣ್ಣೆಯದು. ಊಟಕ್ಕೂ ನಿದ್ದೆಗೂ ಮೂರು ತಾಸು ಅಂತರವಿರಲಿ, ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು 15–20 ಸೆಂ.ಮೀ. ಎತ್ತರಿಸಿ (ದಿಂಬು ಪೇರಿಸಿದರೆ ಹೊಟ್ಟೆ ಮಡಚಿಕೊಂಡು ಒತ್ತಡ ಹೆಚ್ಚೀತು), ಎಡಮಗ್ಗುಲಾಗಿ ಮಲಗಿ.

ಒಂದು ಸಂಗತಿ ಮಾತ್ರ ನನಗೆ ಸರಿಯೆನಿಸುತ್ತಿಲ್ಲ: ನೋವು ಒಂದೇ ಕಿವಿಯಲ್ಲಿದೆ. ನೀವು ಗುಟ್ಕಾ, ತಂಬಾಕು, ಬೀಡಿ ಬಳಸುತ್ತೀರಾ?

ಪ್ರಶ್ನೆ ಕೇಳಿದವರು
ಅಂಗಡಿಯಲ್ಲಿ ಕೂತಾಗ ಸುಣ್ಣ ತಿಕ್ಕಿದ ತಂಬಾಕು ಬಾಯಿಗೆ ಹಾಕುವ ರೂಢಿಯಿದೆ.

ಉತ್ತರ (ಯಾದಗಿರಿ)
ಹಾಗಾದರೆ ಗುಳಿಗೆಯ ಫಲ ನೋಡುತ್ತ ಕೂರದೆ, ಈ ವಾರವೇ ಕಿವಿ-ಮೂಗು-ಗಂಟಲು ತಜ್ಞರಲ್ಲಿಗೆ ಹೋಗಿ, ಬಾಯಿಯನ್ನೂ ನಾಲಿಗೆಯ ಬುಡವನ್ನೂ ತೋರಿಸಿ, ಧ್ವನಿಪೆಟ್ಟಿಗೆಯನ್ನು ದುರ್ಬೀನಿನಿಂದ ನೋಡಿಸಿಕೊಳ್ಳಿ. ತಂಬಾಕು ಹಾಕುವವರಲ್ಲಿ ಪರದೆ ಚೆನ್ನಾಗಿದ್ದೂ ಒಂದೇ ಕಿವಿ ನೋಯುತ್ತಿದ್ದರೆ ಗಂಟಲಿನ ಗಡ್ಡೆಯಿಲ್ಲವೆಂದು ಖಚಿತವಾದ ಮೇಲೆಯೇ ಆಸಿಡಿಟಿಯ ಮಾತು. ನುಂಗಲು ಕಷ್ಟ, ದನಿ ಒಡೆಯುವುದು, ತೂಕ ಇಳಿಯುವುದು ಇದ್ದರೆ ಅದನ್ನೂ ಅವರಿಗೆ ಹೇಳಿ.